ಗಾಳಿ ಕಮ್ಮಿ, ವೈರ್ ಬಿಸಿ: ಕಾರ್ ಏಸಿ ಪ್ರಶ್ನೋತ್ತರ

ಪ್ರಶ್ನೆ: ಸರ್, ನಮ್ಮ ಕಾರಿಗೆ ಒಂಬತ್ತು ವರ್ಷ. ಏಸಿ ತಣ್ಣಗೇ ಇದೆ, ಆದ್ರೆ ಗಾಳಿ ಮೊದಲಿನ ಥರ ಬರಲ್ಲ. ಬ್ಲೋವರ್ (ಗಾಳಿ ತಳ್ಳೋ ಫ್ಯಾನ್) 1, 2, 3ರಲ್ಲಿ ಓಡೋದೇ ಇಲ್ಲ, 4ಕ್ಕೆ ಇಟ್ರೆ ಮಾತ್ರ ಓಡುತ್ತೆ. ಎರಡು ಸಲ ರೆಸಿಸ್ಟರ್ (ಬ್ಲೋವರ್ ಸ್ಪೀಡ್ ಕಮ್ಮಿ ಮಾಡೋ ಭಾಗ) ಬದಲಾಯಿಸಿದ್ದಾಯ್ತು, ಮೂರ್ನಾಲ್ಕು ತಿಂಗಳಿಗೆ ಮತ್ತೆ ಅದೇ ಕಥೆ. ಈ ಸಲ ಬಿಚ್ಚಿ ನೋಡಿದ್ರೆ ಕಪ್ಲರ್ (ವೈರ್ ಸಿಕ್ಕಿಸೋ ಪ್ಲಾಸ್ಟಿಕ್ ಕನೆಕ್ಟರ್) ಒಂದು ಮೂಲೆ ಕರಗಿ ಕಂದು ಬಣ್ಣಕ್ಕೆ ತಿರುಗಿದೆ, ಫ್ಯೂಸ್ ಮಾತ್ರ ಹೋಗಿಲ್ಲ. ಕಪ್ಲರ್ ಕಿತ್ತಾಕಿ ವೈರ್ ಸುತ್ತಿ ಟೇಪ್ ಹಾಕೋಣ, ಫ್ಯೂಸೂ ಸ್ವಲ್ಪ ದೊಡ್ಡದು ಹಾಕೋಣ ಅಂತಾರೆ ಮೆಕ್ಯಾನಿಕ್. ಮಾಡಿಸ್ಬಹುದಾ?

ಉತ್ತರ: ಎರಡೂ ಬೇಡ. ಹೋಗದೇ ಇರೋ ಫ್ಯೂಸನ್ನ ದೊಡ್ಡದು ಮಾಡಿ ಏನು ಸಾಧಿಸ್ತಾರೋ ನಂಗಂತೂ ಗೊತ್ತಾಗ್ಲಿಲ್ಲ. ಫ್ಯೂಸ್ ಇರೋದು ವೈರ್ ಕಾಯೋಕೆ, ಅದನ್ನ ದೊಡ್ಡದು ಮಾಡಿದ್ರೆ ಮುಂದೆ ಶಾರ್ಟ್ ಆದಾಗ ಫ್ಯೂಸ್ ಬದಲು ಡ್ಯಾಶ್‌ಬೋರ್ಡ್ ಒಳಗಿನ ವೈರೇ ಉರಿಯುತ್ತೆ.

ಫ್ಯೂಸ್ ಹೋಗದೆ ಕಪ್ಲರ್ ಹೇಗೆ ಕರಗ್ತು ಅನ್ನೋದು ಒಳ್ಳೆ ಪ್ರಶ್ನೆ. ಬ್ಲೋವರ್ ಫುಲ್ ಸ್ಪೀಡಲ್ಲಿ 20 ಆಂಪಿಯರ್ ಎಳೀತಿದೆ ಅಂದ್ಕೊಳ್ಳಿ, ಕಪ್ಲರ್ ಒಳಗಿನ ಪಿನ್ ಸಡಿಲ ಆಗಿ ಅಲ್ಲಿ ಬರೀ 0.05 ಓಮ್ ರೆಸಿಸ್ಟೆನ್ಸ್ ಬಂದ್ರೂ 1 ವೋಲ್ಟ್ ಅಲ್ಲೇ ಕಳೆದುಹೋಗುತ್ತೆ, ಅಂದ್ರೆ 20 ವ್ಯಾಟ್ ಶಾಖ ಆ ಚಿಕ್ಕ ಪಿನ್ ಮೇಲೆ. ಸಣ್ಣ ಸೋಲ್ಡರಿಂಗ್ ಐರನ್ನೇ 25 ವ್ಯಾಟ್ ಇರುತ್ತೆ, ಪ್ಲಾಸ್ಟಿಕ್ ತಡೆಯುತ್ತಾ? ಫ್ಯೂಸಿಗೆ ಇದ್ಯಾವುದೂ ಗೊತ್ತಾಗಲ್ಲ, ಅದರ ಪಾಲಿಗೆ ಹರೀತಿರೋದು ಅದೇ 20 ಆಂಪಿಯರ್.

ಈಗ ಗಾಳಿ ವಿಷಯಕ್ಕೆ ಬನ್ನಿ. ರೆಸಿಸ್ಟರ್ ಕೂತಿರೋದು ಬ್ಲೋವರ್ ಗಾಳಿ ಹಾಯೋ ದಾರಿಯಲ್ಲೇ, ಅದೇ ಗಾಳಿ ಅದನ್ನ ತಣ್ಣಗಿಡೋದು. ಕ್ಯಾಬಿನ್ ಫಿಲ್ಟರ್ ಧೂಳು ಕಟ್ಟಿ ಗಾಳಿ ನಿಂತ್ರೆ ರೆಸಿಸ್ಟರ್ ಬೇಯುತ್ತೆ, ಅದರಲ್ಲಿರೋ ಥರ್ಮಲ್ ಫ್ಯೂಸ್ (ಬಿಸಿ ಮಿತಿ ಮೀರಿದ್ರೆ ಕರೆಂಟ್ ಕಡಿಯೋ ಬೇರೆ ಫ್ಯೂಸ್) ಹೋಗುತ್ತೆ, 4ನೇ ಸ್ಪೀಡ್ ರೆಸಿಸ್ಟರ್ ಮುಟ್ಟದೆ ನೇರ ಹೋಗೋದ್ರಿಂದ ಅದೊಂದು ಉಳ್ಕೊಳ್ಳುತ್ತೆ. ನೀವು ಎರಡು ಸಲ ರೆಸಿಸ್ಟರ್ ಹಾಕ್ಸಿದೀರಿ, ಫಿಲ್ಟರ್ ಮಾತೇ ಎತ್ತಿಲ್ಲ! ಮೊದಲು ಅದನ್ನ ತೆಗೆದು ಬೆಳಕಿಗೆ ಹಿಡಿದು ನೋಡಿ. ಸುಮಾರು ಕಾರುಗಳಲ್ಲಿ ಗ್ಲೌವ್ ಬಾಕ್ಸ್ ಹಿಂದೆ ಇರುತ್ತೆ. ಥರ್ಮಲ್ ಫ್ಯೂಸ್ ಜಾಗಕ್ಕೆ ತಂತಿ ತುಂಡು ಬೆಸೆದು ಕೊಡೋರೂ ಇದಾರೆ, ದಯವಿಟ್ಟು ಒಪ್ಕೋಬೇಡಿ.

ಫಿಲ್ಟರ್ ಕಟ್ಟಿದ್ರೆ ಮೋಟರ್‌ಗೆ ಲೋಡ್ ಜಾಸ್ತಿ ಆಗಿ ಕರೆಂಟ್ ಜಾಸ್ತಿ ಎಳೆಯುತ್ತೆ ಅಂತ ತುಂಬಾ ಜನ ಹೇಳ್ತಾರೆ, ಅದು ತಪ್ಪು. ಈ ಥರ ಅಳಿಲಿನ ಪಂಜರದ ಹಾಗಿರೋ ಫ್ಯಾನಿಗೆ ತಳ್ಳೋಕೆ ಗಾಳಿ ಸಿಗದಿದ್ರೆ ಲೋಡ್ ಇಳಿಯುತ್ತೆ, ಇನ್ನೂ ಜೋರಾಗಿ ತಿರುಗಿ ಬೊಬ್ಬೆ ಹೊಡೆಯುತ್ತೆ, ಗಾಳಿ ಮಾತ್ರ ಬರಲ್ಲ. ಕರೆಂಟ್ ಏರೋದು ಮೋಟರ್ ಬುಶ್ (ಶಾಫ್ಟ್ ತಿರುಗೋ ಬಳೆ) ಸವೆದು ಬಿಗಿ ಹಿಡಿದಾಗ, ಅವಾಗ ಸದ್ದೂ ಕುಗ್ಗುತ್ತೆ, ಕಿರ್ ಕಿರ್ ಅನ್ನುತ್ತೆ. ಹಾಗಾಗಿ ಮೊದಲು ಕಿವಿ ಕೊಡಿ, ಸದ್ದು ಜೋರು ಗಾಳಿ ಕಮ್ಮಿ ಅಂದ್ರೆ ದಾರಿ ಕಟ್ಟಿದೆ, ಸದ್ದೂ ಕಮ್ಮಿ ಗಾಳಿನೂ ಕಮ್ಮಿ ಅಂದ್ರೆ ಮೋಟರ್ ಇಲ್ಲಾ ವೈರಿಂಗ್. ಮೋಟರ್ ಬಿಚ್ಚಿಸಿದಾಗ ಫ್ಯಾನ್ ಕೈಯಲ್ಲಿ ತಿರುಗಿಸಿ ನೋಡಿ, ಬೆರಳು ಬಿಟ್ಟ ಮೇಲೂ ಸ್ವಲ್ಪ ಸುತ್ತಬೇಕು. ತಕ್ಷಣ ನಿಂತ್ರೆ ಮೋಟರ್ ಬದಲಾಯಿಸದೆ ಹೊಸ ರೆಸಿಸ್ಟರ್ ಹಾಕೋದು ದಂಡ.

ಕಪ್ಲರ್‌ಗೆ ಬೇರೆ ದಾರಿ ಇಲ್ಲ, ಹೊಸದೇ ಹಾಕ್ಬೇಕು. ಸುಟ್ಟ ಪಿನ್ನನ್ನ ಉಜ್ಜಿ ಬಿಗಿ ಮಾಡಿದ್ರೆ ಕೆಲವು ದಿನ ನಡೆಯುತ್ತೆ ಅಷ್ಟೇ, ಬಿಸಿಗೆ ಅದರ ಸ್ಪ್ರಿಂಗ್ ಗುಣ ಹೋಗಿರುತ್ತೆ. ತುದಿಯಲ್ಲಿ ತಾಮ್ರ ಕಪ್ಪಾಗಿರುತ್ತಲ್ಲ, ಅದು ಹೊಳೆಯೋ ತನಕ ಹಿಂದಕ್ಕೆ ಕತ್ತರಿಸಿ, ಅದೇ ದಪ್ಪದ ವೈರ್ ಜೋಡಿಸಿ, ಸರಿಯಾದ ಕ್ರಿಂಪಿಂಗ್ ಟೂಲಲ್ಲಿ ಒತ್ತಿಸಿ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯಾಗೋ ಕೊಳವೆ) ಹಾಕ್ಸಿ. ಬರೀ ಸುತ್ತಿ ಟೇಪ್ ಹಾಕಿದ ಜಾಯಿಂಟ್ ಮತ್ತೆ ಅದೇ ಸಡಿಲ ಪಿನ್ ಕಥೆ. ಎಲ್ಲಾ ಆದ್ಮೇಲೆ ಬ್ಲೋವರ್ 4ರಲ್ಲಿ ಓಡಿಸಿ, ಮಲ್ಟಿಮೀಟರ್‌ನ ಎರಡು ಕಡ್ಡಿನ ಒಂದೇ ವೈರ್ ಮೇಲೆ ಕಪ್ಲರ್‌ನ ಆಚೆ ಈಚೆ ಇಟ್ಟು ವೋಲ್ಟೇಜ್ ನೋಡಿ. ಹೆಚ್ಚುಕಮ್ಮಿ ಸೊನ್ನೆ ಬರ್ಬೇಕು, ಅರ್ಧ ವೋಲ್ಟ್ ತೋರಿಸಿದ್ರೆ ಜಾಯಿಂಟ್ ಕೆಟ್ಟಿದೆ ಅಂತಲೇ. ಅರ್ತ್ ಕಡೆನೂ, ರಿಲೇ (ಬ್ಲೋವರ್‌ಗೆ ಕರೆಂಟ್ ಬಿಡೋ ಸ್ವಿಚ್) ಕಾಲುಗಳನ್ನೂ ಇದೇ ಥರ ನೋಡ್ಸಿ, ಅಲ್ಲಿ ಯಾರೂ ಕೈ ಹಾಕಲ್ಲ.

ಹಾಂ, ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕೋ ಮುಂಚೆ ಇಗ್ನಿಷನ್ ಆಫ್ ಮಾಡಿ ಬ್ಯಾಟರಿ ನೆಗೆಟಿವ್ ತೆಗೀರಿ, ಹಳದಿ ಬಣ್ಣದ ಕಪ್ಲರ್ ಕಂಡ್ರೆ ಮುಟ್ಬೇಡಿ, ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ದು. ಸುಟ್ಟ ವಾಸನೆ ಬರ್ತಾ ಇದ್ರೆ ರಿಪೇರಿ ಆಗೋ ತನಕ ಬ್ಲೋವರ್ ಹಾಕ್ಲೇಬೇಡಿ.

ಪ್ರಶ್ನೆ: ಹೊರಟಾಗ ಗಾಳಿ ಚೆನ್ನಾಗಿರುತ್ತೆ, ಒಂದು ಗಂಟೆ ಓಡಿಸಿದ ಮೇಲೆ ಬರೋದೇ ನಿಲ್ಲುತ್ತೆ. ಗಾಡಿ ನಿಲ್ಲಿಸಿ ಟೀ ಕುಡಿದು ಬಂದ್ರೆ ಮತ್ತೆ ಸರಿ. ಇದೂ ವೈರಿಂಗಾ?

ಉತ್ತರ: ಅಲ್ಲ ಅನ್ಸುತ್ತೆ, ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ತಿದೆ. ಮುಂದಿನ ಸಲ ಗಾಳಿ ನಿಂತಾಗ ಏಸಿ ಬಟನ್ ಮಾತ್ರ ಆಫ್ ಮಾಡಿ ಬ್ಲೋವರ್ ಓಡ್ತಾ ಇರ್ಲಿ, ಹತ್ತು ಹದಿನೈದು ನಿಮಿಷಕ್ಕೆ ಗಾಳಿ ವಾಪಸ್ ಬಂದು ಕೆಳಗೆ ನೀರು ಜಾಸ್ತಿ ಸುರಿದ್ರೆ ಅದೇ. ಕಾಯಿಲ್ ಪಕ್ಕದ ಟೆಂಪರೇಚರ್ ಸೆನ್ಸರ್ ಹೋಗಿರ್ಬಹುದು, ಗ್ಯಾಸ್ ಕಮ್ಮಿ ಆದ್ರೂ ಐಸ್ ಕಟ್ಟುತ್ತೆ, ಫಿಲ್ಟರ್ ಕಟ್ಟಿದ್ರೂ ಅಷ್ಟೇ. ಫಿಲ್ಟರಿಂದ ಶುರು ಮಾಡಿ, ಗ್ಯಾಸ್ ಪ್ರೆಶರ್ ಅಳೆಸದೆ ಮೇಲಿಂದ ತುಂಬಿಸ್ಬೇಡಿ.