ಕುಣಿಗಲ್ ಸ್ಟಡ್ ಫಾರ್ಮ್ ಕುದುರೆಗಳೂ ವಾರ್ಮ್‌ಬ್ಲಡ್‌ಗಳೂ ಒಂದೇನಾ?

ಅಲ್ಲ. ಕುಣಿಗಲ್ ಹೆಸರು ಮಾಡಿದ್ದು ರೇಸಿನ ಥರೋಬ್ರೆಡ್ ತಳಿಗೆ. ಅರೇಬಿಯನ್‌ನಂತೆ ಅದೂ 'ಹಾಟ್‌ಬ್ಲಡ್'. ಹೆಸರಲ್ಲಿರುವ ಬಿಸಿಗೂ ಮೈಶಾಖಕ್ಕೂ ಸಂಬಂಧವಿಲ್ಲ, ಅದು ಸ್ವಭಾವದ ಮಾತು.

ಯುರೋಪಿನ ಬಂಡಿ, ಉಳುಮೆ, ಸೈನ್ಯದ ಕುದುರೆಗಳಿಗೆ ಥರೋಬ್ರೆಡ್, ಅರೇಬಿಯನ್ ರಕ್ತ ಬೆರೆಸಿ ಬೆಳೆಸಿದವು ವಾರ್ಮ್‌ಬ್ಲಡ್‌ಗಳು. ಸಾಮಾನ್ಯವಾಗಿ 16ರಿಂದ 17 ಹ್ಯಾಂಡ್ ಎತ್ತರ (ಒಂದು ಹ್ಯಾಂಡ್ ಅಂದರೆ 4 ಇಂಚು; ಅಳೆಯುವುದು ತಲೆಗಲ್ಲ, ಕತ್ತು ಬೆನ್ನಿಗೆ ಕೂಡುವ ಉಬ್ಬಿಗೆ), ತೂಕ ಸುಮಾರು 550–650 ಕಿಲೋ. ಟ್ರಾಟ್ (ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟ) ನೋಡಿ: ಕರ್ಣರೇಖೆಯ ಜೋಡಿ ಕಾಲುಗಳು ಬದಲಾಗುವಾಗ ನಾಲ್ಕೂ ಗೊರಸು ಗಾಳಿಯಲ್ಲಿರುವ ಗಳಿಗೆ ಇವುಗಳಲ್ಲಿ ಉದ್ದ. ಡ್ರೆಸಾಜ್‌ನಲ್ಲಿ (ಸವಾರನ ಸೂಚನೆಯಂತೆ ಕುದುರೆ ಹೆಜ್ಜೆ ಹಾಕುವ ಸ್ಪರ್ಧೆ) ಅದು ಅಂಕ ತರುತ್ತದೆ.

ವಾರ್ಮ್‌ಬ್ಲಡ್‌ಗಳಲ್ಲಿ ಹ್ಯಾನೋವೇರಿಯನ್ (1735ರಲ್ಲಿ ಶುರುವಾದ ಜರ್ಮನಿಯ ಸೆಲ್ಲೆ ಸ್ಟಡ್‌ನದು) ಎಲ್ಲಕ್ಕೂ ಸೈ, ಹೋಲ್‌ಸ್ಟೈನರ್ ಜಿಗಿತಕ್ಕೆ. ಟ್ರಾಕೆನರ್ ಹಗುರ, ಚುರುಕು. ಹೆಚ್ಚಿನ ತಳಿಗಳು ಪರಸ್ಪರ ಬೆರೆಯುತ್ತವೆ, ಹಾಗಾಗಿ ವಾರ್ಮ್‌ಬ್ಲಡ್ 'ತಳಿ' ಅನ್ನುವುದಕ್ಕಿಂತ ನೋಂದಣಿ ಪುಸ್ತಕ ಅನ್ನುವುದು ಸರಿ.

ಎಡವಟ್ಟಾಗುವುದು ಅವಸರದಲ್ಲಿ. ಥರೋಬ್ರೆಡ್ ಎರಡು ವರ್ಷ ವಯಸ್ಸಿಗೇ ರೇಸಿನಲ್ಲಿ ಓಡುತ್ತದೆ. ವಾರ್ಮ್‌ಬ್ಲಡ್‌ಗಳನ್ನು ಸಾಮಾನ್ಯವಾಗಿ ಮೂರು ದಾಟಿದ ಮೇಲೆ ಸವಾರಿಗೆ ಹಾಕುತ್ತಾರೆ, ಬೆನ್ನುಮೂಳೆ ಬಲಿಯಲು ಐದಾರು ವರ್ಷ ಬೇಕು. ಮರಿಗೆ ಧಾನ್ಯ ಜಾಸ್ತಿ ತಿನ್ನಿಸಿ ಬೇಗ ಬೆಳೆಸಿದರೆ ಕೀಲಿನ ಮೃದ್ವಸ್ಥಿ ಸಿಪ್ಪೆಯೇಳುವ ಓಸಿಡಿ ಎಂಬ ರೋಗ ಬರಬಹುದು. ಮೇವು ದಿನಕ್ಕೆ ತೂಕದ ಶೇ. 1.5–2: 600 ಕಿಲೋದ ಕುದುರೆಗೆ 9–12 ಕಿಲೋ ಒಣಹುಲ್ಲು. ನಮ್ಮ ಕಡೆಯ ರಾಗಿಹುಲ್ಲೊಂದೇ ಸಾಲದು, ಅದರಲ್ಲಿ ಪ್ರೋಟೀನ್ ಕಡಿಮೆ. ಏಪ್ರಿಲ್ ಬಿಸಿಲಲ್ಲಿ ಈ ದೊಡ್ಡ ಮೈ ಬೇಗ ತಣಿಯುವುದಿಲ್ಲ. ಕೆಲಸ ಬೆಳಗಿನ ಜಾವಕ್ಕೇ ಮುಗಿಸಿ, ಮೈಮೇಲೆ ತಣ್ಣೀರು ಸುರಿಯುತ್ತಲೇ ಇರಿ.