ಒನ್‌ಪ್ಲಸ್ 14 ಬರುತ್ತಾ, ಕಾಯಲಾ?

ನೀವು ಕಾಯ್ತಿರೋ ಒನ್‌ಪ್ಲಸ್ 14 ಫೋನ್ ಬರಲ್ಲ. ಚೀನಾದಲ್ಲಿ 4 ಅಶುಭ ಅಂಕಿ, ಹಾಗಾಗಿ 13 ಆದ್ಮೇಲೆ ನೇರವಾಗಿ 15ಕ್ಕೆ ಹೋದರು. 2017ರಲ್ಲೂ 3ಟಿ ಆದ್ಮೇಲೆ ಬಂದಿದ್ದು 5. 14ರ ಫೀಚರ್ ಅಂತ ನೀವು ನೋಡಿದ ಹಳೇ ವಿಡಿಯೊಗಳನ್ನು ಮರೆತುಬಿಡಿ.

ಈಗ ಮೊದಲು 13 ಮತ್ತು 15 ಎರಡನ್ನೂ ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಿ. ಬ್ಯಾಟರಿ 6000ದಿಂದ 7300 ಎಂಎಎಚ್‌ಗೆ ಏರಿದೆ, ಇದು ದಿನಬಳಕೆಯಲ್ಲಿ ಖಂಡಿತ ಗೊತ್ತಾಗುತ್ತೆ. ಡಿಸ್‌ಪ್ಲೇ 165 ಹರ್ಟ್ಸ್ ಆಗಿದೆ (ಸೆಕೆಂಡಿಗೆ 165 ಸಲದವರೆಗೆ ಚಿತ್ರ ಬದಲಾಗುತ್ತೆ), ಆದರೆ ರೆಸಲ್ಯೂಶನ್, ಅಂದ್ರೆ ಚಿತ್ರದ ಸೂಕ್ಷ್ಮತೆ, 2ಕೆಯಿಂದ 1.5ಕೆಗೆ ಇಳಿದಿದೆ. ಕ್ಯಾಮೆರಾ ಸೆನ್ಸರ್‌ಗಳೂ ಚಿಕ್ಕದಾಗಿವೆ. ನಂಬರ್ ದೊಡ್ಡದು ಅಂದ ಮಾತ್ರಕ್ಕೆ ಎಲ್ಲವೂ ಮೇಲಲ್ಲ. ಫೋಟೊ ಮುಖ್ಯ ಅಂದ್ರೆ, ಒಳ್ಳೆ ಬೆಲೆಗೆ ಸಿಕ್ಕರೆ ನಾನು 13 ತಗೊಳ್ಳಿ ಅಂತೀನಿ.

ಅದಕ್ಕೂ ಮುಂದಿನ ಮಾಡೆಲ್‌ಗೆ ಕಾಯೋದಾದ್ರೆ, ಆ ಮಾಡೆಲ್ ನಂಬರ್ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪಟ್ಟಿಗೆ ಬಂದಿದೆಯಾ ನೋಡಿ. ಬಂದಿದ್ರೆ ಭಾರತಕ್ಕೆ ತರೋ ತಯಾರಿ ನಡೆದಿದೆ ಅಂತ ಅರ್ಥ. ತಾರೀಖು ಮಾತ್ರ ಅದರಿಂದ ತಿಳಿಯಲ್ಲ. ಹೆಸರೂ ಅಲ್ಲಿ ಸಾಮಾನ್ಯವಾಗಿ ಇರಲ್ಲ, ಕಂಪನಿ ಹೇಳೋವರೆಗೂ ಅದು ಊಹೆಯೇ. ಈಗಿನ ಫೋನ್ ಕೈಕೊಟ್ಟಿದ್ರೆ ಕಾಯಬೇಡಿ.