ಮೊಟ್ಟೆ ಬೇಯುವ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬದುಕುವುದು ಹೇಗೆ?

ಓದುಗರ ಪತ್ರ: ಬಿಸಿನೀರಿನ ಬುಗ್ಗೆಗಳಲ್ಲಿರುವ ಜೀವಿಗಳ ಪ್ರೋಟೀನುಗಳು ‘ಬೇರೆಯೇ ವಸ್ತುವಿನಿಂದ ಆದವು’ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಎಲ್ಲ ಜೀವಿಗಳಲ್ಲೂ ಇರುವುದು ಅವೇ ಇಪ್ಪತ್ತು ಅಮೈನೋ ಆಮ್ಲಗಳು ಎಂದು ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ಈಗ ಮಕ್ಕಳು ನಿಮ್ಮ ಪತ್ರಿಕೆ ಹಿಡಿದು ಬಂದಿದ್ದಾರೆ. ಯಾರು ಸರಿ? ಅದೇ ಇಪ್ಪತ್ತಾದರೆ, ಮೊಟ್ಟೆಯ ಬಿಳಿಭಾಗ ಗಟ್ಟಿಯಾಗುವ ಬಿಸಿಯಲ್ಲಿ ಅವು ಹಾಳಾಗುವುದಿಲ್ಲವೇಕೆ?

ಸಂಪಾದಕರ ಉತ್ತರ: ನೀವೇ ಸರಿ, ಮೇಡಂ. ‘ಬೇರೆಯೇ ವಸ್ತು’ ಎಂಬ ಮಾತು ನನ್ನ ಕೈಯಿಂದಲೇ ನುಸುಳಿದ್ದು, ಲೇಖಕರ ತಪ್ಪಲ್ಲ. ವಾಕ್ಯಕ್ಕೆ ಒಗ್ಗರಣೆ ಹಾಕಲು ಹೋಗಿ ವಿಜ್ಞಾನವನ್ನು ಸೀಯಿಸಿದೆ.

ನಿಮ್ಮ ಎರಡನೆಯ ಪ್ರಶ್ನೆಯೇ ಸ್ವಾರಸ್ಯದ್ದು. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ, ನಿರ್ದಿಷ್ಟ ರೀತಿಯಲ್ಲಿ ಮಡಿಚಿಕೊಂಡದ್ದು. ಬಿಸಿ ತಾಗಿದರೆ ಮಡಿಕೆ ಬಿಚ್ಚುತ್ತದೆ, ಬಿಚ್ಚಿದ ಸರಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಬೆಂದ ಮೊಟ್ಟೆಯ ಬಿಳಿಭಾಗ ಅದೇ. ನಾವು ಸಾಮಾನ್ಯವಾಗಿ ಮರೆಯುವ ಸಂಗತಿ ಇನ್ನೊಂದಿದೆ: ಮಡಿಚಿದ ಸ್ಥಿತಿಗೂ ಬಿಚ್ಚಿದ ಸ್ಥಿತಿಗೂ ನಡುವೆ ಇರುವ ಶಕ್ತಿಯ ಅಂತರ ತೀರಾ ಕಡಿಮೆ, ಕೆಲವೇ ಹೈಡ್ರೋಜನ್ ಬಂಧಗಳಷ್ಟು. ಕೂದಲೆಳೆಯಲ್ಲಿ ಗೆಲ್ಲುವ ಚುನಾವಣೆಯಂತೆ. ಹಾಗಾಗಿ ಅಲ್ಲೊಂದು ಇಲ್ಲೊಂದು ಹೊಸ ಹಿಡಿತ ಸಿಕ್ಕರೂ ಫಲಿತಾಂಶ ಬದಲಾಗುತ್ತದೆ.

ಆ ಹಿಡಿತಗಳು ಎಲ್ಲಿರುತ್ತವೆ? ಇಟಲಿಯ ವುಲ್ಕಾನೋ ದ್ವೀಪದ ಕಡಲತೀರದಲ್ಲಿ ಸಿಕ್ಕ ಪೈರೋಕಾಕಸ್ ಫ್ಯೂರಿಯೋಸಸ್ ಎಂಬ ಸೂಕ್ಷ್ಮಜೀವಿಯನ್ನು ನೋಡಿ. ಅದಕ್ಕೆ ಹಿತವಾದ ಬಿಸಿ 100 ಡಿಗ್ರಿ ಸೆಲ್ಸಿಯಸ್. ಅದರ ಗ್ಲುಟಮೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಆರು ತುಂಡುಗಳು ಕೂಡಿ ಆದದ್ದು. 1995ರಲ್ಲಿ ಅದರ ರಚನೆಯನ್ನು ಬಿಡಿಸಿ, ಸಾಧಾರಣ ಉಷ್ಣತೆಯಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದ ಅದೇ ಕಿಣ್ವದೊಂದಿಗೆ ಹೋಲಿಸಿದರು. ಒಟ್ಟಾರೆ ಆಕಾರದಲ್ಲಿ ಎರಡೂ ಒಂದೇ ಬಗೆ. ಆದರೆ ಪೈರೋಕಾಕಸ್ಸಿನದರಲ್ಲಿ ತುಂಡು ತುಂಡು ಸೇರುವ ಸಂದಿಗಳಲ್ಲಿ ಧನ ಮತ್ತು ಋಣ ಆವೇಶದ ಅಮೈನೋ ಆಮ್ಲಗಳು ಬರೀ ಜೋಡಿಯಾಗಿ ನಿಲ್ಲದೆ, ಒಂದರ ಕೈ ಇನ್ನೊಂದು ಹಿಡಿದು ಬಲೆಯನ್ನೇ ಹೆಣೆದಿದ್ದವು.

ಇಲ್ಲಿ ನೀರಿನದೂ ಒಂದು ಪಾತ್ರವಿದೆ. ತಣ್ಣನೆಯ ನೀರು ಇಂಥ ಜೋಡಿಗಳ ನಡುವೆ ನುಗ್ಗಿ ಆಕರ್ಷಣೆಯನ್ನು ಮಂಕಾಗಿಸುತ್ತದೆ. ಬಿಸಿಯೇರಿದಂತೆ ಅದರ ಈ ಚಾಳಿ ತಗ್ಗುತ್ತದೆ: ಈ ಮಂಕಾಗಿಸುವ ಗುಣದ ಅಳತೆಯಾದ ಡೈಎಲೆಕ್ಟ್ರಿಕ್ ಸ್ಥಿರಾಂಕ ನೀರಿಗೆ 20 ಡಿಗ್ರಿಯಲ್ಲಿ ಸುಮಾರು 80, 100 ಡಿಗ್ರಿಯಲ್ಲಿ ಸುಮಾರು 55. ಎಂದರೆ ಬೇರೆಲ್ಲ ಸಡಿಲವಾಗುವ ಹೊತ್ತಿಗೇ ಈ ಹಿಡಿತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಉಳಿದ ಉಪಾಯಗಳು ಚಿಲ್ಲರೆ ಉಳಿತಾಯದಂಥವು: ಒಳಗಿನ ತಿರುಳನ್ನು ಸಂದಿಲ್ಲದಂತೆ ತುಂಬುವುದು, ಜೋಲಾಡುವ ಕುಣಿಕೆಗಳನ್ನು ಮೊಟಕು ಮಾಡುವುದು, ಬಿಸಿಗೆ ಬೇಗ ಕೆಡುವ ಆಸ್ಪರಜಿನ್‌ನಂಥವನ್ನು ಕಡಿಮೆ ಬಳಸುವುದು. ಎಲ್ಲ ಪ್ರೋಟೀನುಗಳಲ್ಲೂ ಎಲ್ಲವೂ ಇರುವುದಿಲ್ಲ. ‘ಒಂದೇ ರಹಸ್ಯ’ ಹುಡುಕಿದವರು ನಿರಾಶರಾಗಿದ್ದಾರೆ.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಶಾಖಪ್ರಿಯ ಜೀವಿಯ ಜೀನನ್ನು ಸಾಧಾರಣ ಬ್ಯಾಕ್ಟೀರಿಯಾ ಇ. ಕೋಲೈಗೆ ಸೇರಿಸಿ, ಬೆಳೆಸಿ, ಕೋಶಗಳನ್ನು ಒಡೆದು, ಆ ರಸವನ್ನು 75 ಡಿಗ್ರಿಯ ನೀರಿನಲ್ಲಿ ಸ್ವಲ್ಪ ಹೊತ್ತು ಇಡುತ್ತಾರೆ. ಇ. ಕೋಲೈಯ ಪ್ರೋಟೀನುಗಳಲ್ಲಿ ಬಹುಪಾಲು ಒಡೆದ ಹಾಲಿನಂತೆ ಗರಣೆಕಟ್ಟುತ್ತವೆ. ಗಿರಗಿರನೆ ತಿರುಗಿಸಿದರೆ ಅವು ತಳಕ್ಕಿಳಿದು, ಮೇಲೆ ಉಳಿಯುವ ತಿಳಿಯಲ್ಲಿ ಬೇಕಾದ ಪ್ರೋಟೀನು ಏನೂ ಆಗದಂತೆ ಇರುತ್ತದೆ.

ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಪಿಸಿಆರ್ (ಸುತ್ತು ಸುತ್ತಾಗಿ ಬಿಸಿ ಮಾಡಿ, ತಣಿಸಿ ಡಿಎನ್‌ಎ ನಕಲು ಮಾಡುವ ವಿಧಾನ) ಕೂಡ ಇಂಥದೇ ಪ್ರೋಟೀನಿನ ಋಣದಲ್ಲಿದೆ. 1966ರಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅಮೆರಿಕದ ಯೆಲ್ಲೋಸ್ಟೋನ್ ಬುಗ್ಗೆಯಿಂದ ತಂದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾದ, ಡಿಎನ್‌ಎ ನಕಲು ಮಾಡುವ ಕಿಣ್ವ ಟ್ಯಾಕ್ ಪಾಲಿಮರೇಸ್ ಅದು. ಅದಕ್ಕೂ ಮೊದಲು ಬಳಸುತ್ತಿದ್ದ ಕಿಣ್ವ ಪ್ರತಿ ಸುತ್ತಿನ ಬಿಸಿಗೂ ಸತ್ತು, ಪ್ರತಿ ಸುತ್ತಿಗೂ ಹೊಸದಾಗಿ ಸುರಿಯಬೇಕಿತ್ತು.

‘ಹಾಗಾದರೆ ಎಲ್ಲ ಜೀವಿಗಳೂ ಹೀಗೇ ಏಕಿಲ್ಲ?’ ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ. ಕಿಣ್ವ ಕೆಲಸ ಮಾಡಲು ಕೊಂಚ ಬಾಗಿ ಬಳುಕಬೇಕು. ಬುಗ್ಗೆಗೆ ತಕ್ಕಂತೆ ಬಿಗಿದುಕೊಂಡದ್ದು ಕೋಣೆಯ ತಂಪಿನಲ್ಲಿ ಮರಗಟ್ಟುತ್ತದೆ. 75 ಡಿಗ್ರಿಯಲ್ಲಿ ಚುರುಕಾಗಿರುವ ಟ್ಯಾಕ್ 25ರಲ್ಲಿ ತೂಕಡಿಸುತ್ತದೆ. ಕೋಳಿಯ ಮೈಬಿಸಿಯೋ ಸುಮಾರು 41 ಡಿಗ್ರಿ. ಅದರ ಮೊಟ್ಟೆ ನಮ್ಮ ಪಾತ್ರೆಗೆ ಬೀಳುತ್ತದೆಂದು ವಿಕಾಸಕ್ಕೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ.

ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ಪತ್ರಿಕೆ ಹಿಡಿದು ಬಂದ ಮಕ್ಕಳಿಗೆ ದಯವಿಟ್ಟು ತೋರಿಸಿ.